ಗಾಜಿನ ಮರೆವು ಸರಿ, ಕಾರಿನ ಮೌನ ತಪ್ಪು

ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಹಲವು ಕಾರುಗಳಲ್ಲಿ ಕಿಟಕಿಯ ಸ್ವಿಚ್ಚನ್ನು ಒಮ್ಮೆ ಎಳೆದು ಬಿಟ್ಟರೆ ಗಾಜು ಪೂರ್ತಿ ಏರುವುದಿಲ್ಲ. ಒಂದು ಚೂರು ಏರಿ ನಿಲ್ಲುತ್ತದೆ. ಮತ್ತೆ ಎಳೆದರೆ ಮತ್ತೊಂದು ಚೂರು. ಕೆಲವು ಕಾರುಗಳಲ್ಲಂತೂ ಮೇಲಿನ ರಬ್ಬರಿಗೆ ತಾಗಿದ್ದೇ ತಡ, ಗಾಜು ತಾನಾಗಿ ಕೆಳಗಿಳಿಯುತ್ತದೆ. ಇದನ್ನು ಕಂಡ ಕೂಡಲೇ ‘ಮೋಟರ್ ಹೋಗಿದೆ’ ಎಂದು ತೀರ್ಪು ಕೊಡುವ ಗ್ಯಾರೇಜುಗಳೂ ಉಂಟು. ಮೋಟರಿಗೆ ಏನೂ ಆಗಿರುವುದಿಲ್ಲ. ಗಾಜು ಎಷ್ಟು ಎತ್ತರದಲ್ಲಿದೆ ಎಂಬ ಲೆಕ್ಕ ಅದರ ಕಂಟ್ರೋಲ್ ಮಾಡ್ಯೂಲಿಗೆ ತಪ್ಪಿಹೋಗಿರುತ್ತದೆ, ಅಷ್ಟೆ.

ಇಷ್ಟು ದುಬಾರಿ ಕಾರಿಗೆ ಇಷ್ಟೂ ನೆನಪಿರಬಾರದೇ ಎಂದು ದೂರುವವರಿದ್ದಾರೆ. ಆ ದೂರನ್ನು ನಾನು ಒಪ್ಪುವುದಿಲ್ಲ. ಮೋಟರಿನ ದಂಡಕ್ಕೆ ಅಂಟಿಕೊಂಡ ಪುಟ್ಟ ಆಯಸ್ಕಾಂತ, ಅದರ ಪಕ್ಕದಲ್ಲಿ ಹಾಲ್ ಸೆನ್ಸರ್. ದಂಡ ತಿರುಗಿದಂತೆಲ್ಲ ಸೆನ್ಸರಿನಿಂದ ಮಿಡಿತಗಳು ಹೊರಡುತ್ತವೆ. ಅವನ್ನು ಎಣಿಸಿಯೇ ಮಾಡ್ಯೂಲು ಗಾಜಿನ ಎತ್ತರವನ್ನು ತಿಳಿಯುವುದು. ಮಿಡಿತಗಳ ನಡುವಿನ ಅಂತರ ಥಟ್ಟನೆ ಹಿಗ್ಗಿದರೆ ಮೋಟರ್ ನಿಧಾನಗೊಂಡಿದೆ, ಏನೋ ಅಡ್ಡ ಬಂದಿದೆ ಎಂದರ್ಥ. ಗಾಜು ಹಿಂದೆ ಸರಿಯಬೇಕು. ಆದರೆ ಗಾಜಿನ ಅಂಚು ರಬ್ಬರಿನೊಳಗೆ ಹೊಗುವಾಗಲೂ ಮೋಟರ್ ನಿಧಾನಗೊಳ್ಳುತ್ತದೆ. ಅಡ್ಡ ಬಂದದ್ದು ರಬ್ಬರೋ ಮಗುವಿನ ಬೆರಳೋ ಎಂದು ತೀರ್ಮಾನಿಸಲು ಮಾಡ್ಯೂಲಿಗೆ ಆಧಾರ ಎತ್ತರದ ಆ ಲೆಕ್ಕವೇ. ತಾನಾಗಿ ಮುಚ್ಚಿಕೊಳ್ಳುವ ಕಿಟಕಿ 100 ನ್ಯೂಟನ್‌ಗಿಂತ, ಅಂದರೆ ಸುಮಾರು 10 ಕಿಲೋ ಭಾರಕ್ಕಿಂತ, ಹೆಚ್ಚು ಒತ್ತುವ ಮೊದಲೇ ಹಿಂದೆ ಸರಿಯಬೇಕು ಎನ್ನುತ್ತವೆ ವಿಶ್ವಸಂಸ್ಥೆಯ 21ನೇ ವಾಹನ ನಿಯಮ ಮತ್ತು ಅಮೆರಿಕದ 118ನೇ ಸುರಕ್ಷತಾ ಮಾನದಂಡ. ಈ ಕಟ್ಟಳೆ ಇರುವುದು 4ರಿಂದ 200 ಮಿಲಿಮೀಟರ್ ತನಕದ ತೆರವಿಗೆ. ಕೊನೆಯ 4 ಮಿಲಿಮೀಟರ್ ರಬ್ಬರಿನ ಪಾಲು. ಅದು ಎಲ್ಲಿಂದ ಶುರು ಎಂದು ಗೊತ್ತಿಲ್ಲದಾಗ ಗಾಜನ್ನು ಒಂದೇ ಎಳೆತಕ್ಕೆ ಏರಿಸಲು ಒಪ್ಪದಿರುವುದೇ ಸರಿ.

ಎತ್ತರವನ್ನು ಅಳಿಯದ ಮೆಮೊರಿಯಲ್ಲಿ ಬರೆದಿಡಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಗಾಜು ಅರ್ಧ ದಾರಿಯಲ್ಲಿದ್ದಾಗ ಕರೆಂಟು ಕಡಿದರೆ? ಬ್ಯಾಟರಿ ಇಲ್ಲದ ಹೊತ್ತಿನಲ್ಲಿ ಯಾರೋ ಬಾಗಿಲಿನ ಪ್ಯಾನೆಲ್ ಬಿಚ್ಚಿ ಗಾಜನ್ನು ಕೈಯಲ್ಲೇ ಇಳಿಸಿದ್ದರೆ? ಬರೆದಿಟ್ಟ ಅಂಕಿ ಸುಳ್ಳಾಗಿರುತ್ತದೆ, ಮಾಡ್ಯೂಲು ಅದನ್ನೇ ನಂಬುತ್ತದೆ. ಅದಕ್ಕಿಂತ ಮರೆವೇ ಮೇಲು.

ನನ್ನ ತಕರಾರು ಇರುವುದು ಕಾರು ಈ ಮರೆವನ್ನು ಒಡೆಯನಿಗೆ ತಿಳಿಸದಿರುವ ಬಗ್ಗೆ. ಅದೇ ಕಾರಿನ ಡ್ಯಾಶ್‌ಬೋರ್ಡಿನ ಗಡಿಯಾರ ಸಮಯ ತಪ್ಪಿದಾಗ ಕಣ್ಣಿಗೆ ರಾಚುವಂತೆ ತೋರಿಸುತ್ತದೆ. ಕಿಟಕಿ ಸುಮ್ಮನಿರುತ್ತದೆ. ಟೊಯೋಟಾದ ಕೆಲವು ಕಾರುಗಳಲ್ಲಿ ಸ್ವಿಚ್ಚಿನ ದೀಪ ಮಿನುಗಿ ಸುಳಿವು ಕೊಡುವುದುಂಟು. ಅದು ಮೆಚ್ಚಬೇಕಾದ ಕೆಲಸ. ಆದರೆ ದೀಪ ಯಾಕೆ ಮಿನುಗುತ್ತಿದೆ ಎಂದು ತಿಳಿಯಲು ಮತ್ತೆ ಕೈಪಿಡಿಯನ್ನೇ ಹುಡುಕಬೇಕು.

ಕೈಪಿಡಿ ತೆರೆದರೂ, ಕಿಟಕಿಗೆ ಎತ್ತರದ ಲೆಕ್ಕವನ್ನು ಮತ್ತೆ ಕಲಿಸುವ ‘ರೀಸೆಟ್’ಗೆ ಒಬ್ಬೊಬ್ಬ ತಯಾರಕರದು ಒಂದೊಂದು ದಾರಿ. ಇಗ್ನಿಷನ್ ಆನ್ ಮಾಡಿ, ಗಾಜು ಮುಚ್ಚಿದ ಮೇಲೂ ಸ್ವಿಚ್ಚನ್ನು ಕನಿಷ್ಠ 1 ಸೆಕೆಂಡು ಎಳೆದು ಹಿಡಿಯಿರಿ ಎನ್ನುತ್ತದೆ ಹ್ಯುಂಡೈ. ಹೋಂಡಾದ ಹಲವು ಮಾದರಿಗಳಲ್ಲಿ ಮೊದಲು ಗಾಜು ಪೂರ್ತಿ ಇಳಿಸಿ, ಆಮೇಲೆ ಕೈ ಬಿಡದೆ ಏರಿಸಿ, ಕೊನೆಯಲ್ಲಿ 2 ಸೆಕೆಂಡು ಹಿಡಿಯಬೇಕು. ಫೋಕ್ಸ್‌ವ್ಯಾಗನ್‌ನಲ್ಲಿ ಹಿಡಿದು, ಬಿಟ್ಟು, ಮತ್ತೆ ಹಿಡಿಯಬೇಕು. ಟೊಯೋಟಾದ ಹಲವು ಕಾರುಗಳಲ್ಲಿ ಚಾಲಕನ ಬಾಗಿಲಿನಿಂದ ಬೇರೆ ಕಿಟಕಿಗಳಿಗೆ ಕಲಿಸಲಾಗದು. ಆಯಾ ಬಾಗಿಲಿನ ಸ್ವಿಚ್ಚಿನಿಂದಲೇ ಆಗಬೇಕು. ಮೋಟರಿನ ಕೆಲಸ ಎಲ್ಲೆಡೆ ಒಂದೇ ಆಗಿರುವಾಗ ಇಷ್ಟು ಬಗೆ ಯಾಕೆ ಬೇಕು? ತಯಾರಕರು ಕೂತು ಒಂದೇ ವಿಧಾನಕ್ಕೆ ಬರುವುದು ಕಷ್ಟದ ಮಾತೇನಲ್ಲ.

ರೀಸೆಟ್ಟಿನ ಕಿರಿಕಿರಿಯೇ ಬೇಡವೆಂದು ಕೆಲವು ಮೆಕ್ಯಾನಿಕ್‌ಗಳು, ಬ್ಯಾಟರಿ ಇಲ್ಲದಾಗಲೂ ಕಾರಿಗೆ ಕರೆಂಟು ಕೊಡುವ ‘ಮೆಮೊರಿ ಸೇವರ್’ ಜೋಡಿಸಿ ಬ್ಯಾಟರಿ ಬದಲಿಸುತ್ತಾರೆ. ನೆನಪು ಉಳಿಯುತ್ತದೆ, ನಿಜ. ಆದರೆ ಕಳಚಿದ ಪಾಸಿಟಿವ್ ಕ್ಲಾಂಪಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಅದು ಬಾಡಿಗೆ ತಾಗಿದರೆ ಫ್ಯೂಸು ಹಾರುತ್ತದೆ ಅಥವಾ ಅದಕ್ಕಿಂತ ದೊಡ್ಡದೇ ಆಗುತ್ತದೆ. ಕೆಲವೇ ಸೆಕೆಂಡಿನ ರೀಸೆಟ್ ತಪ್ಪಿಸಲು ಅಷ್ಟು ಅಪಾಯ ಬೇಡ.

ಗಾಜು ಮತ್ತೆ ಕಲಿಯುವ ತನಕ ಬೆರಳನ್ನು ಕಾಯುವ ವ್ಯವಸ್ಥೆಯನ್ನು ನಂಬುವಂತಿಲ್ಲ ಎಂಬ ಮಾತು ಎಲ್ಲಕ್ಕಿಂತ ಮುಖ್ಯ. ಸ್ವಿಚ್ಚು ಹಿಡಿದೇ ಏರಿಸುವಾಗ ಗಾಜು ಪೂರ್ತಿ ಬಲದಿಂದ ಮುಚ್ಚಬಹುದು. ವಿದೇಶದಿಂದ ರಜೆಗೆ ಬಂದ ಮಗ, ತಿಂಗಳುಗಟ್ಟಲೆ ಊರಿನ ಶೆಡ್ಡಿನಲ್ಲಿ ನಿಂತ ಕಾರಿಗೆ ನೆಗೆಟಿವ್ ಟರ್ಮಿನಲ್ ಸಿಕ್ಕಿಸಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಅಂಗಡಿಗೆ ಹೊರಡುವುದು ನಮ್ಮಲ್ಲಿ ಮಾಮೂಲು. ಅವನಿಗೆ ಇದನ್ನು ಹೇಳುವವರು ಯಾರು? ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಕೈಪಿಡಿಯೇ ಸಿಗದವನಿಗೆ? ಹಾಡು, ನಕ್ಷೆ, ಫೋನು ಎಲ್ಲವನ್ನೂ ತೋರಿಸುವ ಪರದೆ ಮುಂದೆಯೇ ಇದೆ. ‘ಕಿಟಕಿಗಳು ರೀಸೆಟ್ ಆಗಿಲ್ಲ, ಮಕ್ಕಳ ಕೈ ಜೋಪಾನ’ ಎಂಬ ಒಂದು ಸಾಲು, ಅದರ ಕೆಳಗೆ ರೀಸೆಟ್ ಮಾಡುವ ಬಗೆ. ಇದಕ್ಕೆ ಹೊಸ ಬಿಡಿಭಾಗ ಬೇಡ, ತಂತ್ರಾಂಶದಲ್ಲಿ ಬರೆದರೆ ಸಾಕು.