ವ್ಯಾಟಿನ ವ್ಯಾಮೋಹ

ಗಿಟಾರಿಗೆ ಆಂಪ್ಲಿಫೈಯರ್ ಕೊಳ್ಳಲು ಹೊರಟವರಿಗೆ ವಿಶಾಖಪಟ್ಟಣವಾಗಲಿ, ವಿಜಯವಾಡವಾಗಲಿ, ನಮ್ಮ ಬೆಂಗಳೂರೇ ಆಗಲಿ, ಸಿಗುವ ಬುದ್ಧಿವಾದ ಒಂದೇ: ವ್ಯಾಟ್ ಹೆಚ್ಚಿರಲಿ, ಕ್ಯಾಬಿನೆಟ್ಟಿನಲ್ಲಿ ಹನ್ನೆರಡು ಇಂಚಿನ ನಾಲ್ಕು ಸ್ಪೀಕರ್ ಇರಲಿ. ಇದನ್ನು ನಾನು ಒಪ್ಪುವುದಿಲ್ಲ.

ಈ ಮಾತು ಹುಟ್ಟಿದ್ದು 1965ರ ಲಂಡನ್ನಿನಲ್ಲಿ. 'ದ ಹೂ' ರಾಕ್ ತಂಡದ ಪೀಟ್ ಟೌನ್‌ಶೆಂಡ್ ಕಾಡಿದ್ದಕ್ಕೆ ಆಂಪ್ ತಯಾರಕ ಜಿಮ್ ಮಾರ್ಷಲ್ 100 ವ್ಯಾಟಿನ ಆಂಪ್ ಮಾಡಿಕೊಟ್ಟರು. ಜೊತೆಗಿದ್ದ ಎಂಟು ಸ್ಪೀಕರಿನ ಪೆಟ್ಟಿಗೆ ಹೊರಲಾರದಷ್ಟು ಭಾರವಾದಾಗ ಅದನ್ನು ಎರಡು ಮಾಡಿ ಒಂದರ ಮೇಲೊಂದು ಪೇರಿಸಿದರು. ಆಗಿನ ಸಭಾಂಗಣದ ಧ್ವನಿವರ್ಧಕಕ್ಕೆ ಹಾಡುಗಾರನ ದನಿಯನ್ನು ಹೊರುವುದೇ ಕಷ್ಟ. ಗಿಟಾರ್ ತನ್ನ ಬಲದಿಂದಲೇ ಕೊನೆಯ ಸಾಲು ಮುಟ್ಟಬೇಕಿತ್ತು. ಇಂದು ವಿಶಾಖಪಟ್ಟಣದ ಕಳಾಭಾರತಿಯಲ್ಲೋ ವಿಜಯವಾಡದ ತುಮ್ಮಲಪಲ್ಲಿ ಕ್ಷೇತ್ರಯ್ಯ ಕಲಾಕ್ಷೇತ್ರದಲ್ಲೋ ನುಡಿಸುವವರು ಕ್ಯಾಬಿನೆಟ್ಟಿನ ಮುಂದೆ ಒಂದು ಮೈಕ್ ಇಟ್ಟರೆ ಉಳಿದದ್ದನ್ನು ಸೌಂಡ್ ಸಿಸ್ಟಮ್ ನೋಡಿಕೊಳ್ಳುತ್ತದೆ.

ವ್ಯಾಟ್ ಇಮ್ಮಡಿಯಾದರೆ ಸದ್ದು ಇಮ್ಮಡಿಯಾಗುವುದಿಲ್ಲ, 3 ಡೆಸಿಬಲ್ ಏರುತ್ತದೆ, ಅಷ್ಟೇ. ಕಿವಿಗೆ ಇಮ್ಮಡಿ ಅನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟಿಗೆ 97 ಡೆಸಿಬಲ್ ಕೊಡುವ ಸ್ಪೀಕರನ್ನು ತೆಗೆದು 100 ಕೊಡುವುದನ್ನು ಹಾಕಿದರೆ, 50 ವ್ಯಾಟಿನ ಆಂಪ್ 100 ವ್ಯಾಟಿನಷ್ಟೇ ಕೇಳಿಸುತ್ತದೆ. ಆದರೂ ಅಂಗಡಿಯಲ್ಲಿ ಸ್ಪೀಕರಿನ ಈ ಅಂಕಿಯನ್ನು ಕೇಳುವವರು ಅಪರೂಪ.

ಹೆಚ್ಚಿನ ವ್ಯಾಟ್ ದಂಡವೆಂದು ನಾನು ಹೇಳುತ್ತಿಲ್ಲ. ವಿಜಯವಾಡಕ್ಕೆ ಹತ್ತಿರದ ಗುಡಿವಾಡದಲ್ಲಿ 1978ರಲ್ಲಿ ಮೊದಲ ಕಛೇರಿ ಕೊಟ್ಟ ಬಾಲಕ ಯು. ಶ್ರೀನಿವಾಸ್ ಮುಂದೆ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ಗಮಕಗಳನ್ನು ಮೂಡಿಸಿದರು. ಅಂಥ ನುಡಿಸಾಣಿಕೆಗೆ ನಾದ ಒಡೆಯಬಾರದು. ಆಗ ವ್ಯಾಟಿನ ಮೀಸಲು ಬೇಕೇ ಬೇಕು. ಒಡೆದ ನಾದವನ್ನೇ ಬಯಸುವ ರಾಕ್ ವಾದಕನಿಗೆ ಮಾತ್ರ 100 ವ್ಯಾಟಿನ ವಾಲ್ವ್ ಆಂಪ್ ಮನೆಯಲ್ಲಿ ನಿರುಪಯೋಗಿ. ಅದರ ಔಟ್‌ಪುಟ್ ವಾಲ್ವ್ ಬೆವರಿ ನಾದ ಒಡೆಯುವಷ್ಟು ಏರಿಸಿದರೆ ನೆರೆಯವರು ಬಾಗಿಲು ಬಡಿಯುತ್ತಾರೆ.

ಆಂಪು, ಕ್ಯಾಬಿನೆಟ್ಟುಗಳ ಹೊಂದಿಕೆಯ ಮಾತಿಗೆ ಬಂದರೆ, ವಿದ್ಯುತ್ ತಡೆಯನ್ನು ಅಳೆಯುವ ಓಮ್ ನೋಡದೆ ತಂತಿ ಸಿಕ್ಕಿಸಬೇಡಿ. ವಾಲ್ವ್ ಆಂಪಿನಲ್ಲಿ 8 ಎಂದು ಬರೆದಿದ್ದಲ್ಲಿಗೆ 8 ಓಮಿನ ಕ್ಯಾಬಿನೆಟ್ಟೇ ಬರಬೇಕು. ಸ್ಪೀಕರ್ ಇಲ್ಲದೆ ನುಡಿಸಿದರೆ ಟ್ರಾನ್ಸ್‌ಫಾರ್ಮರ್ ಸುಡಬಹುದು. ಟ್ರಾನ್ಸಿಸ್ಟರ್ ಆಂಪಿನಲ್ಲಿ ಬರೆದ ಓಮಿಗಿಂತ ಕೆಳಗಿಳಿಯಬಾರದು. 4 ಓಮಿಗೆ 100 ವ್ಯಾಟ್ ಕೊಡುವುದು 8 ಓಮಿಗೆ ಹೆಚ್ಚುಕಡಿಮೆ ಅರ್ಧ ಕೊಡುತ್ತದೆ. 8 ಓಮಿನ ಎರಡು ಕ್ಯಾಬಿನೆಟ್ ಸಮಾಂತರವಾಗಿ ಸೇರಿದರೆ 4 ಆಗುತ್ತದೆ. ಗಿಟಾರಿನ ಕೇಬಲ್ಲನ್ನು ಸ್ಪೀಕರಿಗೆ ಬಳಸಲೂ ಬಾರದು.

ಹಿಂಬದಿ ತೆರೆದ ಪೆಟ್ಟಿಗೆ ನಾದವನ್ನು ಸುತ್ತ ಹರಡುತ್ತದೆ, ಮುಚ್ಚಿದ್ದು ಮಂದ್ರವನ್ನು ಬಿಗಿಯಾಗಿ ಎದುರಿಗೆ ತಳ್ಳುತ್ತದೆ. ಈ ವ್ಯತ್ಯಾಸ ಯಾವ ವ್ಯಾಟಿನ ಅಂಕಿಯಲ್ಲೂ ಕಾಣದು. ಅಂಗಡಿಗೆ ನಿಮ್ಮದೇ ಗಿಟಾರ್ ಒಯ್ಯಿರಿ, ಒಂದೇ ಆಂಪಿಗೆ ಎರಡು ಕ್ಯಾಬಿನೆಟ್ ಹಾಕಿಸಿ ಕೇಳಿ, ಕ್ಯಾಬಿನೆಟ್ ಆರಿಸಿದ ಮೇಲೆಯೇ ಆಂಪಿನ ಬೆಲೆ ಕೇಳಿ.