ಬದುವಿನ ಮೇಲೆ ಉಳಿದ ಸಸಿ

ಮಾವಿಗೊಂದು ಕಾಲ, ಹಲಸಿಗೊಂದು ಕಾಲ ಇರುವಂತೆ ನನಗೆ ಪ್ರಶ್ನೆಗಳದೊಂದು ಕಾಲವಿದೆ. ಹೊಸ ಹುಡುಗ ಹುಡುಗಿಯರು ಪ್ರೋಗ್ರಾಮಿಂಗ್ ಲ್ಯಾಬಿಗೆ ಕಾಲಿಟ್ಟ ಮೊದಲ ಮೂರು ವಾರ ಅದು. "ಸರ್, ಐದಕ್ಕೆ ಏಳು ಕೂಡಿಸಿದರೆ ಐವತ್ತೇಳು ಅಂತಿದೆ." "ಸರ್, ಏಳನ್ನು ಎರಡರಿಂದ ಭಾಗಿಸಿದೆ, ಬರೀ ಮೂರು ಬಂತು. ಆ ಅರ್ಧ ಎಲ್ಲಿ ಹೋಯ್ತು?" "ಸಾವಿರದಿನ್ನೂರನ್ನು ತಿರುಗಿಸಿದೆ ಸರ್, ಸೊನ್ನೆಗಳೇ ಕಾಣ್ತಿಲ್ಲ." ಕೇಳುವವರ ಮುಖದಲ್ಲಿ ಸಂಕೋಚ, ನನ್ನ ಬಾಯಲ್ಲಿ ನೀರು. ವರ್ಷ ವರ್ಷವೂ ಇವೇ ಪ್ರಶ್ನೆಗಳು ಬರುತ್ತವೆ. ಯುಗಾದಿಯ ಒಬ್ಬಟ್ಟೂ ವರ್ಷ ವರ್ಷ ಬರುತ್ತದೆ, ಸಾಕು ಅಂದವರುಂಟೇ?

ಐವತ್ತೇಳರದು ಬಾಯಿಗಿಟ್ಟರೆ ಕರಗುವ ತುತ್ತು. ಪೈಥಾನ್ ಭಾಷೆ ನಾವು ಕೀಲಿಮಣೆಯಲ್ಲಿ ಒತ್ತಿದ್ದನ್ನು ಮೊದಲು ಅಕ್ಷರವೆಂದೇ ತೆಗೆದುಕೊಳ್ಳುತ್ತದೆ. ಅಕ್ಷರಗಳು ಕೂಡುವುದೆಂದರೆ ಪಕ್ಕಪಕ್ಕ ಕೂರುವುದು. ಅದಕ್ಕೆ 'ಇದು ಪೂರ್ಣಾಂಕ' ಎಂದು ಹೇಳಿಕೊಟ್ಟ ಗಳಿಗೆ ಹನ್ನೆರಡು ಬರುತ್ತದೆ. ನಿಂತು ಸವಿಯಬೇಕಾದದ್ದು ಎರಡನೆಯ ಪ್ರಶ್ನೆಯನ್ನು.

ಅಣ್ಣತಮ್ಮಂದಿರಿಬ್ಬರು ಪಾಲಾಗುತ್ತಿದ್ದಾರೆ ಎನ್ನಿ. ಅಂಗಳದಲ್ಲಿ ಏಳು ತೆಂಗಿನ ಸಸಿಗಳಿವೆ. ಅಣ್ಣನಿಗೆ ಮೂರು, ತಮ್ಮನಿಗೆ ಮೂರು. ಉಳಿದದ್ದನ್ನು ಸೀಳಿ ಹಂಚುವಂತಿಲ್ಲ; ಸೀಳಿದರೆ ಅದು ಸಸಿಯೇ ಅಲ್ಲ. ಹಾಗಾಗಿ ಅದು ಎರಡು ತೋಟಗಳ ನಡುವಿನ ಬದುವಿನ ಮೇಲೆ ನಿಲ್ಲುತ್ತದೆ. ಸಿ, ಜಾವಾ ಭಾಷೆಗಳಲ್ಲಿ ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ನಡೆಯುವುದು ಇಷ್ಟೇ. ಓರೆಗೆರೆ ಹಾಕಿದರೆ ಪಾಲು ಸಿಗುತ್ತದೆ, ಮೂರು. ಶೇಕಡಾ ಚಿಹ್ನೆ ಹಾಕಿದರೆ ಬದುವಿನ ಮೇಲಿನ ಸಸಿ ಸಿಗುತ್ತದೆ, ಒಂದು. ನಾಲ್ಕನೇ ಕ್ಲಾಸಿನ ಮಗ್ಗಿ ಪುಸ್ತಕದ ದಿನಗಳಲ್ಲಿ ಮೇಷ್ಟ್ರು ಭಾಗಲಬ್ಧ, ಶೇಷ ಎಂದು ಕಲಿಸಿದ್ದರಲ್ಲ, ಅದೇ ಜೋಡಿ. ದಶಮಾಂಶ ಬಂದ ಮೇಲೆ ನಾವು ಶೇಷವನ್ನು ಮರೆತುಬಿಟ್ಟೆವು. ಯಂತ್ರ ಮರೆತಿಲ್ಲ.

ನನಗೆ ಅತ್ಯಂತ ಪ್ರಿಯವಾದದ್ದು ಈ ಶೇಷ. ಪಾಲು ಎಲ್ಲರ ಕಣ್ಣಿಗೆ ಬೀಳುತ್ತದೆ. ಶೇಷ ಮೆತ್ತಗೆ, ಮೂಲೆಯಲ್ಲಿ, ಪಾತ್ರೆಯ ತಳದಲ್ಲಿ ಕಟ್ಟಿದ ಗಿಣ್ಣಿನ ಹಾಗೆ ಕೂತಿರುತ್ತದೆ. ಕೆರೆದು ತಿಂದವನಿಗಷ್ಟೇ ಅದರ ಸವಿ ಗೊತ್ತು. 135 ನಿಮಿಷದ ಸಿನಿಮಾ ಎಷ್ಟು ಹೊತ್ತಿನದು? ಅರುವತ್ತರಿಂದ ಭಾಗಿಸಿದರೆ ಎರಡು ಗಂಟೆ, ಶೇಷ ಹದಿನೈದು ನಿಮಿಷ. ಎರಡರಿಂದ ಭಾಗಿಸಿ ಶೇಷ ನೋಡಿದರೆ ಸರಿಸಂಖ್ಯೆಯೋ ಬೆಸಸಂಖ್ಯೆಯೋ ತಿಳಿಯುತ್ತದೆ. ಗಡಿಯಾರ, ಪಂಚಾಂಗದ ವಾರ, ಕೊನೆಗೆ ಆದಿತಾಳದ ಎಂಟು ಅಕ್ಷರಗಳ ಆವರ್ತನದಲ್ಲಿ ಈಗ ಎಲ್ಲಿದ್ದೇವೆ ಎಂಬುದೂ ಶೇಷವೇ.

ಆಮೇಲೆ ಯಾರೋ ಒಬ್ಬಳು ತುಂಟಿ ಏಳರ ಮುಂದೆ ಋಣಚಿಹ್ನೆ ಇಡುತ್ತಾಳೆ. ಇಲ್ಲಿಂದ ಕಛೇರಿ ಕಳೆಗಟ್ಟುತ್ತದೆ. ‑7ನ್ನು 2ರಿಂದ ಭಾಗಿಸು ಎಂದರೆ ಸಿ ಮತ್ತು ಜಾವಾ ‑3 ಎನ್ನುತ್ತವೆ, ಶೇಷ ‑1. ಪೈಥಾನಿನಲ್ಲಿ ಎರಡು ಓರೆಗೆರೆ ಹಾಕಿ ಕೇಳಿದರೆ ‑4, ಶೇಷ 1. ಯಾರು ಸರಿ? ಇಬ್ಬರೂ. ಎರಡರ ಮೂರರಷ್ಟು ಋಣಕ್ಕೆ ಇನ್ನೊಂದು ಋಣ ಸೇರಿಸಿದರೂ ಋಣ ಏಳು. ಎರಡರ ನಾಲ್ಕರಷ್ಟು ಋಣಕ್ಕೆ ಒಂದು ಧನ ಸೇರಿಸಿದರೂ ಋಣ ಏಳು. ಒಬ್ಬ ಸೊನ್ನೆಯ ಕಡೆಗೆ ಜಾರುತ್ತಾನೆ, ಇನ್ನೊಬ್ಬ ಯಾವಾಗಲೂ ಕೆಳಗಿನ ಮೆಟ್ಟಿಲಿಗೇ ಇಳಿಯುತ್ತಾನೆ. ರಾಗ ಒಂದೇ, ಬಾನಿ ಬೇರೆ. ಬಾನಿಯ ವ್ಯತ್ಯಾಸ ಕಿವಿಗೆ ಬಿದ್ದವರಿಗೆ, ಬೆಸಸಂಖ್ಯೆಯನ್ನು 'ಶೇಷ ಒಂದಾಗಿದೆಯೇ' ಎಂದು ಕೇಳಿ ಪತ್ತೆ ಮಾಡುವ ಪ್ರೋಗ್ರಾಮು ಜಾವಾದಲ್ಲಿ ‑7ನ್ನು ಬೆಸವಲ್ಲ ಎಂದು ಯಾಕೆ ತಳ್ಳಿಹಾಕುತ್ತದೆ ಎಂಬುದೂ ಹೊಳೆಯುತ್ತದೆ. 'ಶೇಷ ಸೊನ್ನೆಯಲ್ಲವೇ' ಎಂದು ಕೇಳಬೇಕಿತ್ತು. ವಾರದ ಲೆಕ್ಕಕ್ಕೆ ನನಗೆ ಪೈಥಾನಿನ ಬಾನಿಯೇ ಇಷ್ಟ. ಸೋಮವಾರಕ್ಕೆ ಸೊನ್ನೆ ಕೊಟ್ಟು ಎಣಿಸಿದರೆ ಅದರ ಹಿಂದಿನ ದಿನ ‑1. ಅದನ್ನು ಏಳರಿಂದ ಭಾಗಿಸಿ ಶೇಷ ಕೇಳಿದರೆ ಪೈಥಾನ್ ನಗುತ್ತಾ ಆರು ಎನ್ನುತ್ತದೆ. ಭಾನುವಾರ!

ಈಗ ಮೂರನೆಯ ಪ್ರಶ್ನೆ. ಸಂಖ್ಯೆಯನ್ನು ಹಿಂದುಮುಂದಾಗಿ ಬರೆಯುವ ಈ ಲೆಕ್ಕವನ್ನು ಮಾಡದ ವಿದ್ಯಾರ್ಥಿ ಇಲ್ಲ. ಮಾಡಿದವರಲ್ಲಿ ಎಷ್ಟು ಜನ ಅದರ ಕೈಚಳಕವನ್ನು ಕಣ್ತುಂಬ ನೋಡಿದ್ದಾರೋ ಕಾಣೆ. ಯಾವ ಸಂಖ್ಯೆಯನ್ನೇ ಆಗಲಿ ಹತ್ತರಿಂದ ಭಾಗಿಸಿ. ಶೇಷವಾಗಿ ಬರುವುದು ಅದರ ಕೊನೆಯ ಅಂಕಿ. ಭಾಗಲಬ್ಧವಾಗಿ ಉಳಿಯುವುದು ಆ ಅಂಕಿ ಬಿಟ್ಟು ಮಿಕ್ಕದ್ದು. ಎಂದರೆ ನಮ್ಮ ಒಂದೊಂದು ಅಂಕಿಯೂ ಬದುವಿನ ಮೇಲೆ ನಿಂತ ಸಸಿಯೇ. ಸರದ ತುದಿಯಿಂದ ಒಂದು ಮಣಿ ಕಳಚುವುದು, ಪಕ್ಕದ ಖಾಲಿ ದಾರಕ್ಕೆ ಅದನ್ನು ಪೋಣಿಸುವುದು. ಹೊಸ ಸರವನ್ನು ಹತ್ತರಿಂದ ಗುಣಿಸಿದರೆ ಒಂದು ಮಣಿಯಷ್ಟು ಜಾಗ ತೆರೆಯುತ್ತದೆ, ಅಲ್ಲಿಗೆ ಕಳಚಿದ ಮಣಿ. ಮತ್ತೆ ಕಳಚು, ಮತ್ತೆ ಪೋಣಿಸು. ಹಳೆಯ ದಾರ ಬರಿದಾದಾಗ ಹೊಸದರಲ್ಲಿ ಅದೇ ಮಣಿಗಳು, ತಿರುಗುಮುರುಗಾಗಿ. 1200ರ ಎರಡು ಸೊನ್ನೆಗಳು ಮೊದಲು ಕಳಚಿಕೊಂಡು ಹೊಸ ದಾರದ ಮುಂದುಗಡೆ ಕೂರಲು ಹೋಗುತ್ತವೆ; ಸಂಖ್ಯೆಯ ಮುಂದೆ ಕೂತ ಸೊನ್ನೆಗೆ ಬೆಲೆಯಿಲ್ಲ, ಉಳಿಯುವುದು 21. "ಹಾಗಾದರೆ ನಾನೇ 021 ಅಂತ ಬರೆದುಬಿಡ್ತೀನಿ ಸರ್" ಎಂದ ಒಬ್ಬ. ಬರೆದ. ಸಿ ಭಾಷೆ ಅದನ್ನು 17 ಎಂದು ಓದಿತು. ಮುಂದೆ ಸೊನ್ನೆಯಿಟ್ಟು ಬರೆದ ಸಂಖ್ಯೆಯನ್ನು ಅದು ಎಂಟರ ಲೆಕ್ಕದಲ್ಲಿ ಎಣಿಸುತ್ತದೆ: ಎರಡು ಎಂಟು, ಮೇಲೊಂದು. ಹುಡುಗನ ಕಣ್ಣು ಅಗಲವಾದದ್ದನ್ನು ನಾನು ಇನ್ನೂ ಮರೆತಿಲ್ಲ.

ಸರ, ಮಣಿ ಎಂದು ನಾನು ಕವಿತ್ವಕ್ಕೆ ಹೇಳಿದ್ದಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಳ್ವಿಕೆಯಲ್ಲಿ, 'ಗಣಿತಸಾರಸಂಗ್ರಹ' ಬರೆದ ಮಹಾವೀರಾಚಾರ್ಯರಿಗೆ ಈ ರುಚಿ ನಾಲಗೆ ತುದಿಯಲ್ಲಿತ್ತು. ನೃಪತುಂಗನ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಗ್ರಂಥ ಸಂಸ್ಕೃತದ್ದು, ಗುಣಾಕಾರ ಹೇಳಿಕೊಡುವಾಗ ಆಚಾರ್ಯರು ಒಣ ಲೆಕ್ಕ ಕೊಡುವುದಿಲ್ಲ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಆರಿಸಿ ಆರಿಸಿ ಕೊಡುತ್ತಾರೆ, ಅಂಥವನ್ನು ಕಂಠಾಭರಣ ಎನ್ನುತ್ತಾರೆ. 139ನ್ನು 109ರಿಂದ ಗುಣಿಸಿ: 15151. 152207ನ್ನು 73ರಿಂದ ಗುಣಿಸಿ: ಎಂಟು ಒಂದುಗಳು ಸಾಲಾಗಿ, 11111111. ನಮ್ಮ ಹುಡುಗರು 'ಈ ಸಂಖ್ಯೆ ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ' ಎಂದು ಪ್ರೋಗ್ರಾಮ್ ಬರೆಯುವಾಗ 15151ನ್ನು ಕೊಟ್ಟು ನೋಡಿ ಎನ್ನುತ್ತೇನೆ. ಹೊಸ ದಾರ ತುಂಬುವುದನ್ನು ಸುತ್ತು ಸುತ್ತಿಗೂ ಪರದೆಗೆ ತರಿಸಬೇಕು. 1. 15. 151. 1515. 15151. ಮೊಗ್ಗು ಅರಳುವುದನ್ನು ಇಷ್ಟು ಸಾವಧಾನವಾಗಿ ನೋಡಲು ಬೇರೆಲ್ಲಿ ಸಿಕ್ಕೀತು?

ಆಚಾರ್ಯರ ಹಾರಗಳಲ್ಲಿ ನನ್ನ ಮನಸ್ಸು ಕದ್ದದ್ದು ಬೇರೊಂದು. 27994681, ನೋಡಲು ಯಾವ ಚೆಲುವೂ ಇಲ್ಲದ ಒರಟು ಸಂಖ್ಯೆ. ಅದನ್ನು 441ರಿಂದ, ಎಂದರೆ ಇಪ್ಪತ್ತೊಂದರ ವರ್ಗದಿಂದ, ಗುಣಿಸಿದರೆ 12345654321. ಒಂದರಿಂದ ಆರರವರೆಗೆ ಮೆಲ್ಲಗೆ ಆರೋಹಣ, ಆರರ ಮೇಲೆ ಒಂದು ಗಳಿಗೆ ನಿಲುಗಡೆ, ಅದೇ ಮೆಟ್ಟಿಲುಗಳಲ್ಲಿ ಅವರೋಹಣ.

ಈ ಹಾರವನ್ನು ಜಾವಾದ 'ಇಂಟ್' ಎಂಬ ಪೆಟ್ಟಿಗೆಯಲ್ಲಿಡಲು ಹೋದ ಹುಡುಗಿಯೊಬ್ಬಳಿಗೆ ಪರದೆಯ ಮೇಲೆ ಕಂಡದ್ದು ‑539247567. "ಗುಣಿಸಿದ್ದು ಎರಡು ಧನಸಂಖ್ಯೆ ಸರ್, ಋಣ ಹೇಗೆ ಬಂತು?" ಇದಕ್ಕಿಂತ ರಸವತ್ತಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಆ ಪೆಟ್ಟಿಗೆಯಲ್ಲಿ 32 ಬಿಟ್‌ಗಳು. ಹಿಡಿಸುವ ಅತಿ ದೊಡ್ಡ ಸಂಖ್ಯೆ 2147483647, ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆ. ಅದಕ್ಕೆ ಒಂದು ಕೂಡಿಸಿದರೆ ಅತಿ ಚಿಕ್ಕದಾದ ‑2147483648. ಸ್ಲೇಟಿನ ಮೇಲೆ ಎಳೆದ ಸಂಖ್ಯಾರೇಖೆಯನ್ನು ಯಾರೋ ಅಕ್ಕಸಾಲಿಗ ಬಗ್ಗಿಸಿ, ತುದಿಗೆ ತುದಿ ಬೆಸೆದು, ಬಳೆ ಮಾಡಿದ್ದಾನೆ. ಬಳೆಯ ಮೇಲೆ ಒಟ್ಟು 4294967296 ಜಾಗಗಳು. ಸೊನ್ನೆಯಿಂದ ಹೊರಟು 12345654321 ಹೆಜ್ಜೆ ಇಟ್ಟರೆ ಹೆಚ್ಚುಕಮ್ಮಿ ಮೂರು ಸುತ್ತು. ಮೂರನೆಯ ಸುತ್ತು ಮುಗಿಯಲು 539247567 ಹೆಜ್ಜೆ ಬಾಕಿಯಿರುವಾಗ ನಾವು ನಿಲ್ಲುತ್ತೇವೆ. ಪರದೆ ತೋರಿದ್ದು ಅದನ್ನೇ. ಅದೂ ಒಂದು ಶೇಷ! ಸುತ್ತುಗಳನ್ನೆಲ್ಲ ಕಳೆದ ಮೇಲೆ ಬದುವಿನ ಮೇಲೆ ಉಳಿದದ್ದು. 64 ಬಿಟ್‌ಗಳ 'ಲಾಂಗ್' ಪೆಟ್ಟಿಗೆಯಲ್ಲಿಟ್ಟು ಗುಣಿಸಿದಾಗ ಹಾರ ಮುಕ್ಕಾಗದೆ ಬಂತು. ಪೈಥಾನಿಗಂತೂ ಈ ಬಳೆಯೇ ಇಲ್ಲ. ಸಂಖ್ಯೆ ಬೆಳೆದಂತೆ ಅದರ ಪೆಟ್ಟಿಗೆಯೂ ಬೆಳೆಯುತ್ತದೆ.

ಇವು ಎಳೆಯರ ತೊದಲು ಎನ್ನುವವರಿಗೆ ಒಂದು ಮಾತು. ಅಕಾರಾದಿಯಾಗಿ ಜೋಡಿಸಿದ ನಿಘಂಟಿನಲ್ಲಿ ಪದ ಹುಡುಕುವಾಗ ನಾವು ನಡುವಿನ ಪುಟ ತೆರೆಯುತ್ತೇವಲ್ಲ, ಕಂಪ್ಯೂಟರೂ ಹಾಗೇ ಮಾಡುತ್ತದೆ. ನಡು ಸಿಗಬೇಕಾದರೆ ಮೊದಲ ಮತ್ತು ಕೊನೆಯ ಸ್ಥಾನ ಕೂಡಿಸಿ ಎರಡರಿಂದ ಭಾಗಿಸಬೇಕು, ಮಗುವಿಗೂ ಗೊತ್ತು. ಜಾವಾ ಭಾಷೆಯ ಜೊತೆಗೇ ಬರುವ ಲೈಬ್ರರಿಯಲ್ಲಿ ಹಾಗೆಯೇ ಬರೆದಿತ್ತು, ಬರೆದವರು ನುರಿತ ಕೈಯ ಜೋಷುವಾ ಬ್ಲಾಕ್. ಪಟ್ಟಿ ಸುಮಾರು 107 ಕೋಟಿ ಅಂಶಗಳನ್ನು ಮುಟ್ಟಿದರೆ ಆ ಕೂಡುವಿಕೆಯೇ ಬಳೆಯ ಬೆಸುಗೆಯನ್ನು ದಾಟಿ ಋಣವಾಗಬಹುದು. ಈ ಹುಳುಕು ಒಂಬತ್ತು ವರ್ಷದಷ್ಟು ಕಾಲ ಅಲ್ಲಿ ತಣ್ಣಗೆ ಕೂತಿತ್ತೆಂದು 2006ರಲ್ಲಿ ಸ್ವತಃ ಬ್ಲಾಕ್ ಅವರೇ ಬರೆದರು. ಅದನ್ನು ತಿದ್ದುವ ಒಂದು ದಾರಿಯ ಸೊಗಸು ನೋಡಿ: ಎರಡು ಸ್ಥಾನಗಳನ್ನು ಕೂಡಿಸುವುದೇ ಬೇಡ, ನಡುವಿನ ಅಂತರ ತೆಗೆದು, ಅದರ ಅರ್ಧವನ್ನು ಮೊದಲ ಸ್ಥಾನಕ್ಕೆ ಸೇರಿಸಿದರಾಯಿತು. ಉತ್ತರ ಅದೇ, ಬೆಸುಗೆಯ ಹತ್ತಿರವೂ ಸುಳಿಯುವುದಿಲ್ಲ.

ಓದುಗರೇ, ನಿಮಗೆ ಪ್ರೋಗ್ರಾಮ್ ಬರೆಯಲು ಬಾರದಿದ್ದರೂ ಚಿಂತೆಯಿಲ್ಲ. ಇಂದು ರಾತ್ರಿ ಊಟವಾದ ಮೇಲೆ ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. 27994681 ಬರೆದು ಕೆಳಗೆ 441 ಬರೆಯಿರಿ. ಮೊಬೈಲು ದೂರವಿರಲಿ. ಮೂರು ಸಾಲು ಗುಣಿಸಿ, ಬಲಗಡೆಯಿಂದ ಕೂಡುತ್ತಾ ಬನ್ನಿ. ಒಂದು, ಎರಡು, ಮೂರು ಎಂದು ಅಂಕಿಗಳು ತಾವಾಗಿ ಮೆಟ್ಟಿಲೇರತೊಡಗುವಾಗ ಅವಸರ ಮಾಡಬೇಡಿ. ಆರರ ಮೇಲೆ ಒಂದು ಗಳಿಗೆ ಪೆನ್ಸಿಲ್ ನಿಲ್ಲಿಸಿ.