ಮಂಚದ ಮೇಲಿನ ಚಿಕಿತ್ಸೆ, ಮ್ಯಾಟ್ ಮೇಲಿನ ದೇಹ

ಮಾರತ್ತಹಳ್ಳಿ ದಾಟಿ ಮಹದೇವಪುರದ ಕಡೆಗೆ ಹೊರಟರೆ ವರ್ತುಲ ರಸ್ತೆಯ ಮಗ್ಗುಲಲ್ಲೇ ದೊಡ್ಡನೆಕ್ಕುಂದಿ. ಈ ಭಾಗದಲ್ಲೀಗ ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಜಿಯು-ಜಿತ್ಸು ಕಲಿಯುವವರಿಗೆ ಬರವಿಲ್ಲ. ಅವರಲ್ಲಿ ಐಟಿ ಕಂಪನಿಗಳ ನೌಕರರೇ ಬಹಳ. ಹಗಲಿಡೀ ಕುರ್ಚಿಯಲ್ಲಿ ಕೂತು ಬಿಗಿದ ಸೊಂಟ, ಪರದೆಯತ್ತ ಚಾಚಿದ ಕುತ್ತಿಗೆ ಹೊತ್ತು ಬಂದು, ನಾಲ್ಕು ಸುತ್ತು ಹಗ್ಗ ಜಿಗಿದು, ತಲೆಯೆತ್ತರಕ್ಕೆ ಒದೆಯಲು ನಿಲ್ಲುತ್ತಾರೆ. ಉಳುಕು, ಸೆಳೆತ, ಕೀಲುನೋವು ತಪ್ಪಿದ್ದಲ್ಲ. ಅವರನ್ನು ನಂಬಿಕೊಂಡು ಫಿಸಿಯೊಥೆರಪಿಯೂ ಬೆಳೆಯುತ್ತಿದೆ. ಅಲ್ಲಿ ನಡೆಯುವ ಕೆಲಸದ ಮೇಲೆ ನನಗೆ ಗೌರವವಿದೆ. ಆದರೆ ಹೊಡೆದಾಟದ ಆಟಗಳಿಗೆ ಬೇಕಾದುದರಲ್ಲಿ ಅದು ಅರ್ಧವನ್ನಷ್ಟೇ ಕೊಡುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಒಂದು ಭುಜವನ್ನೇ ನೋಡೋಣ. ಜಿಯು-ಜಿತ್ಸುವಿನ ಕಿಮುರಾ ಪಟ್ಟಿನಲ್ಲಿ ಎದುರಾಳಿಯ ಮೊಣಕೈ ಮಡಿಸಿ, ಮುಂಗೈಯನ್ನು ಬೆನ್ನಿನ ಕಡೆಗೆ ತಿರುಚುತ್ತಾರೆ. ಸೋಲೊಪ್ಪಿ ಟ್ಯಾಪ್ ಮಾಡುವುದು ಕ್ಷಣ ತಡವಾದರೂ ಭುಜದ ಸ್ನಾಯುರಜ್ಜುಗಳಿಗೆ ಪೆಟ್ಟು. ಮರುದಿನ ಕ್ಲಿನಿಕ್ಕಿನಲ್ಲಿ ನೋವಿಗೆ ವಿದ್ಯುತ್ ಹಾಯಿಸುವ ಐಎಫ್‌ಟಿ ಯಂತ್ರ, ಅಲ್ಟ್ರಾಸೌಂಡ್, ಬಣ್ಣದ ಟೇಪು. ಕೆಲವು ದಿನಕ್ಕೆ ನೋವು ಇಳಿಯುತ್ತದೆ, ಆಟಗಾರ ಸೀದಾ ಸ್ಪಾರಿಂಗಿಗೆ ಹೋಗುತ್ತಾನೆ. ಸ್ನಾಯುಗಾಯಗಳಿಗೆ ಅಲ್ಟ್ರಾಸೌಂಡ್‌ನಿಂದ ಗಟ್ಟಿ ಪ್ರಯೋಜನವಿದೆ ಎನ್ನಲು ಆಧಾರ ತೀರ ಕಡಿಮೆ. ಟೇಪಿನದೂ ಹೆಚ್ಚೂಕಡಿಮೆ ಅದೇ ಕಥೆ. ಹಾಗೆಂದು ಯಂತ್ರಗಳ ಮೇಲೆ ನನಗೆ ದೊಡ್ಡ ತಕರಾರಿಲ್ಲ. ನೋವು ಇಳಿದದ್ದನ್ನೇ ಗುಣವಾದದ್ದೆಂದು ಲೆಕ್ಕ ಹಿಡಿಯುವುದರ ಮೇಲಿದೆ. ಆ ಭುಜ ಹೊರತಿರುಗುವಾಗ ಎಷ್ಟು ಬಲ ಹಾಕಬಲ್ಲದು, ಇನ್ನೊಂದು ಭುಜಕ್ಕೆ ಹೋಲಿಸಿದರೆ ಎಷ್ಟು ಕಡಿಮೆ, ಬೀಳುವಾಗ ಅಂಗೈ ಊರಿದರೆ ಮೈಭಾರ ತಡೆಯುತ್ತದೆಯೇ? ಇದನ್ನೆಲ್ಲ ಅಳೆದು ನೋಡದೆ ಬಿಡುಗಡೆ ಕೊಡಬಾರದು.

ಬಿಡುಗಡೆಯಾದರೂ ಒಂದೇ ಏಟಿಗೆ ಆಗತಕ್ಕದ್ದಲ್ಲ. ಮೊದಲು ಒಬ್ಬನೇ ಮಾಡುವ ಶ್ಯಾಡೋ, ಆಮೇಲೆ ಪ್ಯಾಡ್, ಆಮೇಲೆ ಎದುರಾಡದ ಜೊತೆಗಾರನೊಂದಿಗೆ ಪಟ್ಟುಗಳ ಅಭ್ಯಾಸ, ಆಮೇಲೆ ಆ ಕೈಯನ್ನು ಮುಟ್ಟಬಾರದೆಂಬ ಕಟ್ಟಳೆಯ ಮೇಲೆ ಒಂದೇ ಭಂಗಿಯಿಂದ ಶುರುವಾಗುವ ಸೆಣಸು, ಕೊನೆಗೆ ಮುಕ್ತ ಸ್ಪಾರಿಂಗ್. ಮಾರನೆಯ ಬೆಳಿಗ್ಗೆ ನೋವು ಕೆರಳಿದರೆ ಒಂದು ಮೆಟ್ಟಿಲು ಹಿಂದೆ. ಈ ಏಣಿಯನ್ನು ಫಿಸಿಯೊ ಒಬ್ಬರೇ ಕಟ್ಟಲಾರರು, ತರಬೇತುದಾರರೂ ಕಟ್ಟಲಾರರು. ಇಬ್ಬರೂ ಮಾತಾಡಬೇಕು. ಆಗದಿರುವುದು ಅದೇ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಒಯ್ಯುವವನು ಆಟಗಾರ. ಆಡುವ ಆತುರದಲ್ಲಿರುವ ಅವನು ತನಗೆ ಬೇಕಾದಷ್ಟನ್ನೇ ಒಯ್ಯುತ್ತಾನೆ.

ಮಂಡಿಯೊಳಗಿನ ಎಸಿಎಲ್ ಎಂಬ ಅಸ್ಥಿರಜ್ಜುವಿನ ಶಸ್ತ್ರಚಿಕಿತ್ಸೆಯಾದವರಲ್ಲಿ ಈ ಆತುರ ದುಬಾರಿ. ಆಟಕ್ಕೆ ಮರಳುವುದನ್ನು ಒಂಬತ್ತನೆಯ ತಿಂಗಳವರೆಗೆ ಒಂದೊಂದು ತಿಂಗಳು ಮುಂದೂಡಿದಂತೆಲ್ಲ ಮತ್ತೆ ಮಂಡಿಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯುತ್ತದೆಂದು ನಾರ್ವೆಯ ಸಂಶೋಧಕರು 2016ರಲ್ಲಿ ತೋರಿಸಿದರು. ತೊಡೆಯ ಬಲ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕೆಂಬುದು ವಾಡಿಕೆಯ ಅಳತೆ. ಕುಸ್ತಿಯಲ್ಲಿ ನಿಮ್ಮ ಮಂಡಿಯನ್ನು ಇನ್ನೊಬ್ಬ ಹಿಡಿದು ತಿರುಚುತ್ತಾನಾದ್ದರಿಂದ ಅಷ್ಟೂ ಸಾಲದು ಎಂದೇ ನನಗನಿಸುತ್ತದೆ.

ತಲೆಯ ಪೆಟ್ಟು ಇನ್ನೂ ಗಂಭೀರ. 2022ರ ಜುಲೈನಲ್ಲಿ ಬೆಂಗಳೂರಿನಲ್ಲಿ ನಡೆದ ರಾಜ್ಯಮಟ್ಟದ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಮೈಸೂರಿನ 23 ವರ್ಷದ ಹುಡುಗನೊಬ್ಬ ಹೊಡೆತಕ್ಕೆ ಕುಸಿದುಬಿದ್ದ. ಆಸ್ಪತ್ರೆಯಲ್ಲಿ ಜೀವ ಉಳಿಯಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆಯೇ ಇರಲಿಲ್ಲವೆಂದು ಮನೆಯವರು ದೂರಿದರು. ಅದೇ ವರ್ಷ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮಿದುಳಿಗೆ ಪೆಟ್ಟಾದವರು ಆಟಕ್ಕೆ ಮರಳಲು ಆರು ಹಂತಗಳನ್ನು ಹೇಳಿದ್ದಾರೆ. ಒಂದೊಂದಕ್ಕೂ ಕನಿಷ್ಠ 24 ಗಂಟೆ, ಮೈಮೇಲೆ ಬೀಳುವ ಅಭ್ಯಾಸಕ್ಕೆ ಮುನ್ನ ವೈದ್ಯರ ಒಪ್ಪಿಗೆ. ನಮ್ಮ ಸಂಜೆಯ ಕ್ಲಾಸುಗಳಲ್ಲಿ ‘ಸ್ವಲ್ಪ ತಲೆ ಸುತ್ತಿತಷ್ಟೇ’ ಎಂದವನು ಮುಂದಿನ ಸುತ್ತಿಗೆ ನಿಂತರೆ ಬೇಡವೆನ್ನುವವರು ಯಾರು? ಫಿಸಿಯೊ ಹೇಳಬಹುದಿತ್ತು, ಅಲ್ಲಿದ್ದಿದ್ದರೆ.

ಅಲ್ಲಿರುವುದರ ಬೆಲೆ ನಮ್ಮ ನಾಡಿಗೆ ಗೊತ್ತಿಲ್ಲದ್ದೇನಲ್ಲ. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗದಲ್ಲಿ ತಲೆಯಿಂದ ರಕ್ತ ಚಿಮ್ಮಿದೊಡನೆ ಉಸ್ತಾದರು ನಡುವೆ ನುಗ್ಗಿ ಬಿಡಿಸುತ್ತಾರೆ. ಕಾಳಗವಾಡುವ ಜಟ್ಟಿಗಳು ತಪ್ಪಿದ ಕೀಲು ಕೂರಿಸುವುದರಲ್ಲೂ ಹೆಸರಾದವರು. ಗರಡಿಯಲ್ಲಿ ಪಟ್ಟು ಕಲಿಸುವವನ ಕಣ್ಣೆದುರೇ ಪೆಟ್ಟು ಬೀಳುತ್ತಿತ್ತು, ಅವನೇ ಮಾಲೀಷು ಮಾಡಿಸುತ್ತಿದ್ದ, ಅವನೇ ಇಂದು ಮಟ್ಟಿಗೆ ಇಳಿಯಬೇಡ ಎನ್ನುತ್ತಿದ್ದ. ಎಕ್ಸ್‌ರೇ ಇಲ್ಲದೆ ಕೀಲು ಎಳೆಯುವುದನ್ನು ನಾನು ಒಪ್ಪುವುದಿಲ್ಲ. ಮೂಳೆ ಮುರಿದಿದ್ದರೆ, ನರಕ್ಕೆ ಪೆಟ್ಟಾಗಿದ್ದರೆ ಅದು ಅಪಾಯ. ಆದರೆ ನಾಲ್ಕೂವರೆ ವರ್ಷ ಫಿಸಿಯೊಥೆರಪಿ ಪದವಿ (ಬಿಪಿಟಿ) ಓದಿ ಬಂದ ನಮ್ಮ ಫಿಸಿಯೊಗೆ ಆ ಉಸ್ತಾದನಿಗಿದ್ದ ಜಾಗ, ಆ ಅಧಿಕಾರ ಇನ್ನೂ ಸಿಕ್ಕಿಲ್ಲ.

ಐಸ್ ಸ್ನಾನ, ಕಪ್ಪಿಂಗ್‌ಗಳ ‘ರಿಕವರಿ ಪ್ಯಾಕೇಜ್’ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಗಾಯಕ್ಕೆ ವಿಶ್ರಾಂತಿ ಮತ್ತು ಐಸ್ ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಅವರೇ ಮುಂದೆ, ಎರಡೂ ಗುಣವಾಗುವುದನ್ನು ತಡಮಾಡಬಹುದು ಎಂದರು. ಒಂದೇ ದಿನ ಎರಡು ಪಂದ್ಯವಿದ್ದರೆ ತಣ್ಣೀರ ಸ್ನಾನ ಉಪಯೋಗಕ್ಕೆ ಬಂದೀತು. ಭಾರ ಎತ್ತಿದ ಬೆನ್ನಿಗೇ ದಿನವೂ ಮಾಡಿದರೆ ಸ್ನಾಯು ಬೆಳೆಯುವುದಕ್ಕೇ ಅಡ್ಡಿ. ನಡುರಾತ್ರಿಯವರೆಗೆ ವಿದೇಶದ ಕಾಲ್‌ಗಳಲ್ಲಿ ಕೂರುವವರಿಗೆ ನಿದ್ದೆಯೇ ಮೊದಲ ಮದ್ದು.

ಫಿಸಿಯೊ ಆಟದ ಪಕ್ಕದಲ್ಲೇ ಇರುವ ಮಾದರಿ ನಮ್ಮಲ್ಲೇ ಇದೆ. ಬಳ್ಳಾರಿ ಕಡೆಯ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೊ ಅಂಕಣಗಳೂ ಫಿಸಿಯೊ ವಿಭಾಗವೂ ಒಂದೇ ಆವರಣದಲ್ಲಿವೆ. ಸಂಬಳದಲ್ಲಿ ಉಳಿಸಿ ಶುಲ್ಕ ಕಟ್ಟುವ ದೊಡ್ಡನೆಕ್ಕುಂದಿಯ ಹವ್ಯಾಸಿಗೆ ಅಷ್ಟೆಲ್ಲ ಬೇಕಿಲ್ಲ. ವಾರಕ್ಕೊಂದು ಸಂಜೆ ಫಿಸಿಯೊ ಮ್ಯಾಟ್ ಪಕ್ಕದಲ್ಲಿ ನಿಂತರೆ ಸಾಕು: ಕೈಗೆ ಪಟ್ಟಿ ಹೇಗೆ ಸುತ್ತುತ್ತಾರೆ, ಯಾರ ಮಂಡಿ ಒಳಕ್ಕೆ ವಾಲುತ್ತದೆ, ಯಾರು ಎಡಭುಜ ಕಾಪಾಡಿಕೊಂಡು ಆಡುತ್ತಿದ್ದಾರೆ ಎಂಬುದು ಮಂಚದ ಮೇಲೆ ಕಾಣದು, ಅಲ್ಲಿ ಕಾಣುತ್ತದೆ. ಗಾಯವಾದವನು ಮತ್ತೆ ಸ್ಪರ್ಧೆಗೆ ಹೆಸರು ಬರೆಸುವಾಗ ಅರ್ಜಿಯ ಮೇಲೆ ತರಬೇತುದಾರರ ಸಹಿಯ ಜೊತೆ ಫಿಸಿಯೊ ಸಹಿಯೂ ಇರಬೇಕೆಂದು ಆಯೋಜಕರು ನಿಯಮ ಮಾಡಲಿ.